ಫೋನಿನಲ್ಲಿ ದಿನನಿತ್ಯದ ಫೋಟೋ: ಎಲ್ಲಿ ಕೆಡುತ್ತದೆ, ಹೇಗೆ ಸರಿಪಡಿಸುವುದು

ಫೋಟೋ ಚೆನ್ನಾಗಿ ಬರಲಿಲ್ಲ ಎಂದರೆ ಹೆಚ್ಚಿನವರು ಮೊದಲು ಬೈಯುವುದು ಫೋನಿನ ಮೆಗಾಪಿಕ್ಸೆಲ್ಲನ್ನು. ಲೆಕ್ಕ ಹಾಕಿ ನೋಡಿ: 6×4 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಯಂತೆ ಹಿಡಿದರೂ, 1800×1200 ಪಿಕ್ಸೆಲ್ ಸಾಕು. ಎರಡು ಮೆಗಾಪಿಕ್ಸೆಲ್‌ಗಿಂತ ಚೂರು ಹೆಚ್ಚು, ಅಷ್ಟೆ. 12 ಮೆಗಾಪಿಕ್ಸೆಲ್ ಫೋಟೋವನ್ನು ಇದೇ ಗುಣಮಟ್ಟದಲ್ಲಿ 13×10 ಇಂಚಿನವರೆಗೆ ಪ್ರಿಂಟ್ ಹಾಕಿಸಬಹುದು. ಫೋನ್ ಪರದೆಯ ಮೇಲೆ ನೋಡುವುದಕ್ಕಂತೂ ಅದಕ್ಕಿಂತ ಕಡಿಮೆಯೇ ಬೇಕು.

ದಿನನಿತ್ಯದ ಫೋಟೋಗಳು ಕೆಡುವುದು ಬೇರೆ ಕಾರಣಗಳಿಗೆ. ಲೆನ್ಸಿನ ಮೇಲೆ ಬೆರಳಿನ ಜಿಡ್ಡು, ಬೇಡದ ದಿಕ್ಕಿನಿಂದ ಬರುವ ಬೆಳಕು, ಎರಡು ಬೆರಳಿನಲ್ಲಿ ಹಿಗ್ಗಿಸಿದ ಝೂಮ್, ಅಲುಗಾಟ, ಮತ್ತು ಫೋನ್ ತಾನೇ ಊಹಿಸಿಕೊಂಡು ಮಾಡುವ ತೀರ್ಮಾನಗಳು. ಕೊನೆಯದ್ದೇ ಮುಖ್ಯ. ಈಗಿನ ಫೋನ್ ಒಂದು ಸಲ ಗುಂಡಿ ಒತ್ತಿದರೆ ಹಲವು ಚಿತ್ರಗಳನ್ನು ಸಾಲಾಗಿ ತೆಗೆದು, ಬೆರೆಸಿ, ತಿದ್ದಿ ಒಂದನ್ನು ಕೈಗೆ ಕೊಡುತ್ತದೆ. ಅದು ಎಲ್ಲಿ ತಪ್ಪು ಊಹಿಸುತ್ತದೆ ಎಂದು ಗೊತ್ತಿದ್ದರೆ ಮುಂಚೆಯೇ ತಡೆಯಬಹುದು. ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

ಮೊದಲು ಲೆನ್ಸ್ ಒರೆಸಿ

ಫೋನ್ ಜೇಬಿನಲ್ಲಿರುತ್ತದೆ, ಬ್ಯಾಗಿನಲ್ಲಿರುತ್ತದೆ, ಹಿಡಿಯುವಾಗ ತೋರುಬೆರಳು ಸರಿಯಾಗಿ ಲೆನ್ಸಿನ ಮೇಲೇ ಬರುತ್ತದೆ. ಜಿಡ್ಡು ಕೂತ ಲೆನ್ಸಿನಿಂದ ತೆಗೆದ ಫೋಟೋ ಮಂಜು ಹಿಡಿದ ಕನ್ನಡಕದೊಳಗಿಂದ ನೋಡಿದಂತೆ ಇರುತ್ತದೆ: ಕಪ್ಪು ಇರಬೇಕಾದ್ದು ಬೂದಾಗುತ್ತದೆ, ದೀಪದಿಂದ ಓರೆಯಾಗಿ ಬೆಳಕಿನ ಗೆರೆ ಎಳೆದುಕೊಳ್ಳುತ್ತದೆ, ಕಿಟಕಿಯ ಅಂಚಿನ ಸುತ್ತ ಬಿಳಿ ಹೊಗೆ ಕವಿದಂತೆ ಕಾಣುತ್ತದೆ. ರಾತ್ರಿ ತೆಗೆದ ಫೋಟೋದಲ್ಲಿ ಎಲ್ಲ ದೀಪಗಳ ಗೆರೆಯೂ ಒಂದೇ ಕಡೆಗೆ ಓರೆಯಾಗಿದ್ದರೆ ಅದು ಬೆರಳು ಎಳೆದ ಗುರುತು, ಅನುಮಾನವೇ ಬೇಡ.

ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಗೆದ ಮೆತ್ತನೆಯ ಹತ್ತಿ ಬಟ್ಟೆ. ಮೊದಲು ಧೂಳನ್ನು ಊದಿ ತೆಗೆಯಿರಿ. ಮರಳಿನ ಕಣ ಇದ್ದಾಗ ಉಜ್ಜಿದರೆ ಗೀರು ಬೀಳಬಹುದು. ಆಮೇಲೆ ಬಾಯಿಯ ಹಬೆ ಬಿಟ್ಟು ಸುತ್ತುಸುತ್ತಾಗಿ ಒರೆಸಿ. ಸ್ಪ್ರೇ ಬಳಸುವುದಾದರೆ ಬಟ್ಟೆಗೆ ಹಾಕಿ, ಫೋನಿಗೆ ನೇರವಾಗಿ ಹಾಕಬೇಡಿ. ತಣ್ಣನೆಯ ಎಸಿ ಕೋಣೆಯಿಂದ ಸೆಕೆಯ ಬಯಲಿಗೆ ಬಂದ ಕೂಡಲೇ ಗಾಜಿನ ಮೇಲೆ ತೇವ ಕೂರುತ್ತದೆ. ಅದನ್ನು ಎಷ್ಟು ಒರೆಸಿದರೂ ಮತ್ತೆ ಬರುತ್ತದೆ, ಫೋನ್ ಹೊರಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಐದು ಹತ್ತು ನಿಮಿಷ ಕಾಯುವುದೇ ದಾರಿ.

ಕ್ಯಾಮೆರಾದ ಮೇಲೆ ಅಂಟಿಸುವ ರಕ್ಷಣಾ ಗಾಜು ಮಾರುತ್ತಾರಲ್ಲ, ಅದರ ಬಗ್ಗೆ ಒಂದು ಮಾತು. ಬೆಳಕು ಆ ಗಾಜಿಗೂ ಒಳಗಿನ ಗಾಜಿಗೂ ನಡುವೆ ಪುಟಿದು ರಾತ್ರಿಯ ಫೋಟೋಗಳಲ್ಲಿ ದೀಪದ ನಕಲು ಚುಕ್ಕೆಗಳನ್ನು ಮೂಡಿಸುತ್ತದೆ. ಫೋಟೋ ಮುಖ್ಯ ಎನ್ನುವವರು ಅದನ್ನು ಕಿತ್ತುಹಾಕುವುದೇ ಮೇಲು. ಲೆನ್ಸಿನ ಸುತ್ತ ಎತ್ತರದ ಅಂಚಿರುವ ಕವರ್ ಇದ್ದರೆ ಸಾಕು.

ಒಮ್ಮೆ ಮಾಡಿಟ್ಟರೆ ಮುಗಿಯುವ ಸೆಟಿಂಗ್ಸ್

ಕ್ಯಾಮೆರಾ ಆ್ಯಪ್‌ನ ಸೆಟಿಂಗ್ಸ್ ತೆರೆದು ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲಿಡುವ ಮೂರು ಭಾಗಗಳ ನಿಯಮ ಪಾಲಿಸುತ್ತೀರೋ ಬಿಡುತ್ತೀರೋ, ಕ್ಷಿತಿಜ, ಬಾಗಿಲು, ಕಂಬ ಸೊಟ್ಟಗಾಗದಂತೆ ನೋಡಿಕೊಳ್ಳಲು ಆ ಗೆರೆ ಬೇಕು. ಮಟ್ಟ ತೋರಿಸುವ ಗೆರೆ ಬೇರೆ ಇದ್ದರೆ ಅದನ್ನೂ ಆನ್ ಮಾಡಿ.

ಅನುಪಾತ 4:3 ಇರಲಿ. ಫೋನಿನ ಸೆನ್ಸರ್ (ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್) ಇರುವುದೇ ಸಾಮಾನ್ಯವಾಗಿ ಆ ಆಕಾರದಲ್ಲಿ. 16:9 ಅಥವಾ ಪೂರ್ತಿ ಪರದೆ ಆರಿಸಿದರೆ ಹೆಚ್ಚೇನೂ ಸಿಗುವುದಿಲ್ಲ, ಎರಡು ಅಂಚುಗಳನ್ನು ಫೋನ್ ಕತ್ತರಿಸಿ ಬಿಸಾಡುತ್ತದೆ. ಕತ್ತರಿಸುವುದಿದ್ದರೆ ಆಮೇಲೆ ನೀವೇ ಕತ್ತರಿಸಬಹುದು.

50 ಅಥವಾ 108 ಮೆಗಾಪಿಕ್ಸೆಲ್ ಎಂದು ಬರೆದ ಫೋನ್‌ಗಳು ಮಾಮೂಲಿಯಾಗಿ 12 ಮೆಗಾಪಿಕ್ಸೆಲ್ ಆಸುಪಾಸಿನ ಫೋಟೋವನ್ನೇ ಕೊಡುತ್ತವೆ. ಅಕ್ಕಪಕ್ಕದ ನಾಲ್ಕೋ ಒಂಬತ್ತೋ ಪಿಕ್ಸೆಲ್‌ಗಳನ್ನು ಸೇರಿಸಿ ಒಂದಾಗಿಸುವುದರಿಂದ ಮಂದ ಬೆಳಕಿನಲ್ಲಿ ಚಿತ್ರ ಶುದ್ಧವಾಗಿ ಬರುತ್ತದೆ. ಪೂರ್ತಿ ಮೆಗಾಪಿಕ್ಸೆಲ್ ಮೋಡ್ ಬಿಸಿಲಿನಲ್ಲಿ, ಅಲುಗದ ವಸ್ತುವಿಗೆ ಮಾತ್ರ. ಮನೆಯೊಳಗೆ ಅದನ್ನು ಹಾಕಿದರೆ ಕಾಳು ಕಾಳಾದ ದೊಡ್ಡ ಫೈಲ್ ಸಿಗುತ್ತದೆ, ಜಾಗವೂ ತಿನ್ನುತ್ತದೆ.

ಬ್ಯೂಟಿ ಫಿಲ್ಟರನ್ನು ಸೊನ್ನೆಗೆ ಇಳಿಸಿ. ಹಲವು ಫೋನ್‌ಗಳಲ್ಲಿ ಅದು ಬರುವಾಗಲೇ ಆನ್ ಆಗಿರುತ್ತದೆ, ಚರ್ಮ ಮೇಣದ ಹಾಗೆ ಕಾಣಲು ಅದೇ ಕಾರಣ. ಮೂಲೆಯಲ್ಲಿ ಫೋನ್ ಮಾದರಿಯ ಹೆಸರು ಅಚ್ಚೊತ್ತುವ ವಾಟರ್‌ಮಾರ್ಕನ್ನೂ ಆಫ್ ಮಾಡಿ. ಸೆಲ್ಫಿಯಲ್ಲಿ ಅಕ್ಷರಗಳು ತಿರುಗುಮುರುಗಾಗಿ ಬರುತ್ತಿದ್ದರೆ ಕನ್ನಡಿಯಂತೆ ಉಳಿಸುವ ಆಯ್ಕೆ ಆನ್ ಇದೆ ಎಂದರ್ಥ. ಕೊನೆಯದಾಗಿ, ಲಾಕ್ ತೆಗೆಯದೆಯೇ ಕ್ಯಾಮೆರಾ ತೆರೆಯುವ ಉಪಾಯ ಪ್ರತಿ ಫೋನಿನಲ್ಲೂ ಇದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಗುಂಡಿಯನ್ನು ಎರಡು ಸಲ ಒತ್ತಿದರಾಯಿತು. ಅದು ಬೆರಳಿಗೆ ರೂಢಿಯಾಗಲಿ.

ಮೂರ್ನಾಲ್ಕು ಕ್ಯಾಮೆರಾಗಳಲ್ಲಿ ಯಾವುದು?

ಗೊಂದಲವಿದ್ದಾಗ 1ಎಕ್ಸ್, ಅಂದರೆ ಝೂಮ್ ಇಲ್ಲದ ಮುಖ್ಯ ಕ್ಯಾಮೆರಾ. ಮುಖ್ಯ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ಸೆನ್ಸರ್, ಹೆಚ್ಚು ಬೆಳಕು ಬಿಡುವ ಲೆನ್ಸ್ ಇರುತ್ತದೆ. 0.5 ಅಥವಾ 0.6ಎಕ್ಸ್ ಎಂದು ತೋರಿಸುವುದು ಅಲ್ಟ್ರಾವೈಡ್: ಹಿಂದೆ ಸರಿಯಲು ಜಾಗವಿಲ್ಲದ ಕೋಣೆ, ಎತ್ತರದ ಕಟ್ಟಡ, ವಿಶಾಲ ಬಯಲು ಇವಕ್ಕೆ ಸರಿ. ಆದರೆ ಅದರ ಅಂಚಿನಲ್ಲಿ ನಿಂತವರ ತಲೆ, ಕೈಕಾಲು ಹೊರಕ್ಕೆ ಎಳೆದಂತಾಗುತ್ತದೆ. ಸಂಜೆಯ ಮೇಲೆ ಅದನ್ನು ಬಳಸಿದರೆ ವಿವರ ಕಲಸಿಹೋಗುತ್ತದೆ.

ಝೂಮ್ ವಿಷಯದಲ್ಲಿ ಲೆಕ್ಕ ಸರಳ. ಲೆನ್ಸ್ ಬದಲಾಗದೆ ಬರೀ ಹಿಗ್ಗಿಸಿದರೆ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ದೊಡ್ಡದು ಮಾಡಿದಂತೆ. 2ಎಕ್ಸ್ ಎಂದರೆ ಕಾಲು ಭಾಗ ಉಳಿಯಿತು, 4ಎಕ್ಸ್ ಎಂದರೆ ಹದಿನಾರರಲ್ಲಿ ಒಂದು, 10ಎಕ್ಸ್ ಎಂದರೆ ನೂರರಲ್ಲಿ ಒಂದು ಪಾಲು. 12 ಮೆಗಾಪಿಕ್ಸೆಲ್‌ನಲ್ಲಿ ನೂರನೆಯ ಒಂದು ಪಾಲಿನಿಂದ ಏನು ಬಂದೀತು? ಮಿಕ್ಕಿದ್ದೆಲ್ಲ ಸಾಫ್ಟ್‌ವೇರಿನ ಊಹೆ. 48 ಅಥವಾ 50 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಫೋನ್‌ಗಳಲ್ಲಿ ಮಾತ್ರ ಒಂದು ವಿನಾಯಿತಿ ಇದೆ. 2ಎಕ್ಸ್ ಗುಂಡಿಯನ್ನು ಪ್ರತ್ಯೇಕವಾಗಿ ಕೊಟ್ಟಿದ್ದರೆ ಅವು ಸೆನ್ಸರಿನ ನಡುವಿನ 12 ಮೆಗಾಪಿಕ್ಸೆಲ್ಲನ್ನು ಹಾಗೇ ಬಳಸುತ್ತವೆ, ಬಿಸಿಲಿನಲ್ಲಿ ಚಿತ್ರ ಚೆನ್ನಾಗೇ ಬರುತ್ತದೆ. ಆದ್ದರಿಂದ ಪರದೆಯ ಮೇಲೆ ಕಾಣುವ ಅಂಕೆಯ ಗುಂಡಿಗಳನ್ನೇ ಒತ್ತಿ. ಎರಡು ಬೆರಳಿನಿಂದ ಹಿಗ್ಗಿಸುತ್ತಾ 2.7, 6.3 ಎಂದು ಎಲ್ಲೆಲ್ಲೋ ನಿಲ್ಲಿಸಬೇಡಿ.

ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತರುವ ಪ್ರತ್ಯೇಕ ಲೆನ್ಸ್) ಇರುವ ಫೋನಿನಲ್ಲೂ ಒಂದು ಮೋಸ ನಡೆಯುತ್ತದೆ. ಬೆಳಕು ಕಮ್ಮಿ ಇದ್ದರೆ ಅಥವಾ ವಸ್ತು ತೀರಾ ಹತ್ತಿರವಿದ್ದರೆ ಫೋನ್ ಹೇಳದೆ ಕೇಳದೆ ಮುಖ್ಯ ಕ್ಯಾಮೆರಾಕ್ಕೆ ಹಾರಿ, ಅದರ ಚಿತ್ರವನ್ನೇ ಕತ್ತರಿಸಿ ಕೊಡುತ್ತದೆ. ಪರೀಕ್ಷಿಸುವುದು ಸುಲಭ: ಟೆಲಿಗೆ ಹಾಕಿ, ಆ ಲೆನ್ಸಿನ ಮೇಲೆ ಬೆರಳಿಡಿ. ಪರದೆ ಕಪ್ಪಾಗದಿದ್ದರೆ ಕೆಲಸ ಮಾಡುತ್ತಿರುವುದು ಬೇರೆ ಕ್ಯಾಮೆರಾ. ಬೆರಳಿಟ್ಟಿದ್ದನ್ನೇ ಕತ್ತಲೆ ಎಂದುಕೊಂಡು ಕೆಲವು ಫೋನ್‌ಗಳು ಒಂದೆರಡು ಸೆಕೆಂಡಿನಲ್ಲಿ ಲೆನ್ಸ್ ಬದಲಿಸುವುದೂ ಉಂಟು, ಹಾಗಾಗಿ ಮೊದಲ ಕ್ಷಣ ಏನಾಯಿತು ಎಂಬುದನ್ನು ಗಮನಿಸಿ.

ಹೂವು, ಎಲೆ, ಹುಳ, ಉಂಗುರ ಇಂಥವನ್ನು ಹತ್ತಿರದಿಂದ ತೆಗೆಯುವಾಗಲೂ ಇದೇ ಕತೆ. ದೊಡ್ಡ ಸೆನ್ಸರಿನ ಈಗಿನ ಮುಖ್ಯ ಕ್ಯಾಮೆರಾಗಳು ಒಂದು ಗೇಣಿಗಿಂತ ಹತ್ತಿರದ ವಸ್ತುವಿಗೆ ಫೋಕಸ್ ಮಾಡಲು ಒದ್ದಾಡುತ್ತವೆ. ಆಗ ಫೋನ್ ಅಲ್ಟ್ರಾವೈಡ್‌ಗೆ ಹೊರಳಿ ಹೂವಿನ ಗುರುತು ತೋರಿಸುತ್ತದೆ. ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಲೇಬೇಕಾದ ಪುಟ್ಟ ಹುಳುವಿಗೆ ಅದು ಸರಿ. ಅಂಗೈಯಗಲದ ಹೂವಿಗೆ ಆ ಗುರುತನ್ನು ಒತ್ತಿ ಆಫ್ ಮಾಡಿ, 30 ಸೆಂಟಿಮೀಟರ್ ಹಿಂದೆ ಸರಿದು 2ಎಕ್ಸ್‌ನಲ್ಲಿ ತೆಗೆಯಿರಿ. ಫೋನಿನ ನೆರಳು ಹೂವಿನ ಮೇಲೆ ಬೀಳುವುದೂ ತಪ್ಪುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಲೆಕ್ಕಕ್ಕೆಂದು ಕೂರಿಸಿರುವ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾವನ್ನು ಮರೆತುಬಿಡಿ.

ಬೆಳಕು ಎಲ್ಲಿಂದ ಬರುತ್ತಿದೆ

ಫೋನ್ ಎತ್ತುವ ಮೊದಲು ಒಂದು ಪ್ರಶ್ನೆ: ಮುಖದ ಯಾವ ಕಡೆ ಬೆಳಕಿದೆ, ಯಾವ ಕಡೆ ನೆರಳಿದೆ? ಸರಿಯಾದ ಬೆಳಕಿನ ಕಡೆಗೆ ಎರಡು ಹೆಜ್ಜೆ ಸರಿದರೆ ಆಗುವ ಬದಲಾವಣೆ ಯಾವ ಎಡಿಟಿಂಗಿನಲ್ಲೂ ಆಗುವುದಿಲ್ಲ.

ಮನೆಯೊಳಗೆ ಅತ್ಯುತ್ತಮ ದೀಪ ಎಂದರೆ ನೇರ ಬಿಸಿಲು ಬೀಳದ ಕಿಟಕಿ ಅಥವಾ ತೆರೆದ ಬಾಗಿಲು. ಕೂರುವವರನ್ನು ಕಿಟಕಿಯಿಂದ ಒಂದು ಒಂದೂವರೆ ಮೀಟರ್ ದೂರದಲ್ಲಿ ಕೂರಿಸಿ, ಬೆಳಕು ಮುಖದ ಮುಂದಿನಿಂದ ಓರೆಯಾಗಿ ಬೀಳುವಂತೆ ತಿರುಗಿಸಿ. ಕಣ್ಣಿನಲ್ಲಿ ಕಿಟಕಿಯ ಬಿಳಿ ಚುಕ್ಕೆ ಕಂಡರೆ ಜಾಗ ಸರಿಯಾಗಿದೆ. ಆ ಚುಕ್ಕೆ ಇಲ್ಲದಿದ್ದರೆ ಕಣ್ಣು ಮಂಕಾಗಿ ಕಾಣುತ್ತದೆ. ಮುಖದ ಇನ್ನೊಂದು ಅರ್ಧ ತೀರಾ ಕಪ್ಪಾದರೆ ಆ ಕಡೆ ಚೌಕಟ್ಟಿನಿಂದ ಸ್ವಲ್ಪ ಹೊರಗೆ ಬಿಳಿ ಹಾಳೆ, ಥರ್ಮಕೋಲ್ ಅಥವಾ ಬಿಳಿ ಬೆಡ್‌ಶೀಟ್ ಹಿಡಿಸಿ. ಬಣ್ಣದ ಗೋಡೆಯ ಪಕ್ಕ ಕೂರಿಸಿದರೆ ಆ ಬಣ್ಣವೇ ಕೆನ್ನೆಯ ಮೇಲೆ ಬರುತ್ತದೆ. ಹಸಿರು ಗೋಡೆಯ ಪಕ್ಕದ ಮುಖ ಕಾಯಿಲೆ ಬಿದ್ದವರಂತೆ ಕಾಣಲು ಅದೇ ಕಾರಣ.

ಕಿಟಕಿಯ ಬೆಳಕಿದ್ದಾಗ ಕೋಣೆಯ ದೀಪ ಆರಿಸಿ. ಹಗಲಿನ ಬೆಳಕಿನ ಬಣ್ಣದ ತಾಪ ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದ್ದು 2700ರಿಂದ 3000. ಎರಡೂ ಒಟ್ಟಿಗಿದ್ದರೆ ಮುಖದ ಒಂದು ಬದಿ ನೀಲಿ, ಇನ್ನೊಂದು ಹಳದಿ. ಫೋನ್ ಎರಡರಲ್ಲಿ ಒಂದನ್ನು ಮಾತ್ರ ಸರಿಪಡಿಸಬಲ್ಲದು.

ನಡು ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿನಿಂದ ಬರುತ್ತದೆ. ಕಣ್ಣಿನ ಗುಳಿ, ಮೂಗಿನ ಕೆಳಗೆ, ಗಲ್ಲದ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಕಣ್ಣು ಕಿರಿದಾಗುತ್ತದೆ. ಕಟ್ಟಡದ ನೆರಳಿನೊಳಗೆ, ಬಿಸಿಲು ಶುರುವಾಗುವ ಗೆರೆಗೆ ಹತ್ತಿರವಾಗಿ, ಮುಖ ಹೊರಗಿನ ಬೆಳಕಿನ ಕಡೆಗೆ ಇರುವಂತೆ ನಿಲ್ಲಿಸಿ. ಮರದ ಕೆಳಗೆ ನಿಲ್ಲಿಸುವುದಾದರೆ ಎಲೆಗಳ ಸಂದಿನಿಂದ ಮುಖದ ಮೇಲೆ ಬಿಸಿಲ ಚುಕ್ಕೆ ಬೀಳದಂತೆ ನೋಡಿಕೊಳ್ಳಿ. ಅಂಥ ಚುಕ್ಕೆಯನ್ನು ಆಮೇಲೆ ತೆಗೆಯಲಾಗದು. ಮೋಡ ಕವಿದ ದಿನ ಜನರ ಫೋಟೋಗೆ ಹೇಳಿ ಮಾಡಿಸಿದ್ದು, ಬಿಳಿ ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಆದಷ್ಟು ಹೊರಗಿಡಿ.

ಫೋನಿನ ಫ್ಲ್ಯಾಶ್ ಬಗ್ಗೆ ಚುಟುಕಾಗಿ: ಅದು ಒಂದೆರಡು ಮೀಟರಿಗೆ ಸಾಕಾಗುವ ಪುಟ್ಟ ಎಲ್‌ಇಡಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ವೇದಿಕೆಯ ಮೇಲಿನವರಿಗೆ ಸಭೆಯ ಕೊನೆ ಸಾಲಿನಿಂದ ಫ್ಲ್ಯಾಶ್ ಹೊಡೆದರೆ ಬೆಳಗುವುದು ಮುಂದಿನ ಸಾಲಿನವರ ತಲೆಗಳು. ಬೇರೆ ದಾರಿಯೇ ಇಲ್ಲದಿದ್ದರೆ ಇನ್ನೊಬ್ಬರ ಫೋನಿನ ಟಾರ್ಚನ್ನು ಒಂದು ಬದಿಯಿಂದ, ಮೇಲೊಂದು ಟಿಶ್ಯೂ ಹಿಡಿದು ಬಿಡಿಸಿ. ನೇರ ಫ್ಲ್ಯಾಶಿನ ಚಪ್ಪಟೆ ಮುಖಕ್ಕಿಂತ ಎಷ್ಟೋ ವಾಸಿ.

ತಟ್ಟಿ, ಹಿಡಿದು, ಎಳೆಯಿರಿ

ಸುಮ್ಮನೆ ಗುಂಡಿ ಒತ್ತಿದರೆ ಫೋನ್ ಚೌಕಟ್ಟಿನ ಒಟ್ಟು ಬೆಳಕನ್ನು ಅಳೆದು ಅದನ್ನು ನಡುಮಟ್ಟಕ್ಕೆ ತರಲು ನೋಡುತ್ತದೆ. ಬಿಳಿ ಬೆಕ್ಕು ಬಿಳಿ ಗೋಡೆಯ ಮುಂದೆ ಕೂತಿದ್ದರೆ ‘ಬೆಳಕು ಜಾಸ್ತಿ’ ಎಂದುಕೊಂಡು ಕುಗ್ಗಿಸುತ್ತದೆ, ಬೆಕ್ಕು ಬೂದಾಗುತ್ತದೆ. ಕಪ್ಪು ನಾಯಿ ಚೌಕಟ್ಟು ತುಂಬಿದ್ದರೆ ಹಿಗ್ಗಿಸಿ ಅದನ್ನೂ ಬೂದು ಮಾಡುತ್ತದೆ. ಮುಖಗಳನ್ನು ಫೋನ್ ಗುರುತಿಸುತ್ತದೆ, ಆದರೆ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಇದನ್ನು ಕೈಯಿಂದ ಸರಿಪಡಿಸುವುದು ಹೀಗೆ:

1. ಪರದೆಯ ಮೇಲೆ ಮುಖ್ಯ ವಸ್ತುವನ್ನು ತಟ್ಟಿ. ಮುಖವಾದರೆ ಹತ್ತಿರದ ಕಣ್ಣನ್ನು. ಫೋಕಸ್ಸೂ ಬೆಳಕೂ ಅಲ್ಲಿಗೆ ಹೊಂದಿಕೊಳ್ಳುತ್ತವೆ.
2. ಅದೇ ಜಾಗವನ್ನು ಒಂದೆರಡು ಸೆಕೆಂಡು ಒತ್ತಿ ಹಿಡಿಯಿರಿ. ಲಾಕ್ ಆಗಿದೆ ಎಂಬ ಸೂಚನೆ ಬರುತ್ತದೆ. ಇನ್ನು ಫೋನನ್ನು ಅತ್ತಿತ್ತ ಸರಿಸಿ ಚೌಕಟ್ಟು ಬದಲಿಸಿದರೂ ಅಳತೆ ಬದಲಾಗದು.
3. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದರೆ ಬೆಳಕು ಹೆಚ್ಚು, ಕೆಳಕ್ಕೆ ಎಳೆದರೆ ಕಡಿಮೆ. ಕೆಲವು ಫೋನ್‌ಗಳಲ್ಲಿ ಇದು ಅಡ್ಡಗೆರೆಯಾಗಿರುತ್ತದೆ.
4. ಬೇರೆ ದೃಶ್ಯಕ್ಕೆ ತಿರುಗಿದಾಗ ಪರದೆಯ ಇನ್ನೊಂದು ಕಡೆ ಒಮ್ಮೆ ತಟ್ಟಿ ಲಾಕ್ ಬಿಡಿಸಿ. ಮರೆತರೆ ಮುಂದಿನ ಹತ್ತು ಫೋಟೋಗಳೂ ಹಾಳು.

ಎಷ್ಟು ಎಳೆಯಬೇಕು? ಬಿಳಿ ವಸ್ತುವಿಗೆ ಚೂರು ಮೇಲಕ್ಕೆ, ಕಪ್ಪು ವಸ್ತುವಿಗೆ ಚೂರು ಕೆಳಕ್ಕೆ. ಸೂರ್ಯಾಸ್ತಕ್ಕೆ ಧಾರಾಳವಾಗಿ ಕೆಳಕ್ಕೆ, ಆಕಾಶದ ಕೆಂಪು ಕಣ್ಣಿಗೆ ಕಂಡಷ್ಟೇ ಗಾಢವಾಗುವವರೆಗೆ. ಫೋನಿಗೇ ಬಿಟ್ಟರೆ ನೆಲವನ್ನೂ ತೋರಿಸುವ ಆತುರದಲ್ಲಿ ಅದು ಆಕಾಶವನ್ನು ತೊಳೆದುಹಾಕುತ್ತದೆ. ಅನುಮಾನ ಬಂದರೆ ಸ್ವಲ್ಪ ಕತ್ತಲೆಯ ಕಡೆಗೇ ಇರಲಿ. ಕಪ್ಪಾದ ಜಾಗದಲ್ಲಿ ಅಷ್ಟೋ ಇಷ್ಟೋ ವಿವರ ಉಳಿದಿರುತ್ತದೆ, ಎಡಿಟಿಂಗಿನಲ್ಲಿ ಮೇಲೆತ್ತಬಹುದು. ಬಿಳಿಚಿಹೋದ ಅಂಗಿಯಲ್ಲಿ ಎತ್ತಲು ಏನೂ ಇರುವುದಿಲ್ಲ.

ಬಿಸಿಲಿನಲ್ಲಿ ಪರದೆ ತಾನಾಗಿ ಪ್ರಖರವಾಗುತ್ತದೆ, ಆಗ ಪರದೆ ನೋಡಿ ಬೆಳಕು ಅಂದಾಜಿಸಿದರೆ ಏಮಾರುತ್ತೀರಿ. ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ಇರುವ ಪ್ರೊ ಮೋಡ್, ಅಂದರೆ ಎಲ್ಲವನ್ನೂ ನೀವೇ ಹೊಂದಿಸುವ ಮೋಡ್, ಇದ್ದರೆ ಅದರ ಗುಡ್ಡ ಬಲಗಡೆಯ ಗೋಡೆಗೆ ಒತ್ತರಿಸಿ ನಿಂತಿದೆಯೇ ನೋಡಿ. ನಿಂತಿದ್ದರೆ ಬೆಳಕು ಇಳಿಸಬೇಕು.

ಎಚ್‌ಡಿಆರ್ ಆಟೋದಲ್ಲೇ ಇರಲಿ. ಬೇರೆ ಬೇರೆ ಬೆಳಕಿನ ಹಲವು ಚಿತ್ರಗಳನ್ನು ಬೆರೆಸುವುದರಿಂದ ಕಿಟಕಿಯ ಹೊರಗಿನ ದೃಶ್ಯವೂ ಒಳಗಿನ ಮುಖವೂ ಉಳಿಯುತ್ತವೆ. ಬೆರೆಸುವ ಹೊತ್ತಿನಲ್ಲಿ ಯಾರಾದರೂ ಕೈ ಬೀಸಿದರೆ ಮಾತ್ರ ಮೂರು ಕೈಯ ಮನುಷ್ಯ ಸಿಗಬಹುದು.

ಮಸುಕು ಏಕೆ ಬಂತು ಎಂದು ಪತ್ತೆ ಹಚ್ಚುವುದು

ಫೋಟೋ ಬ್ಲರ್ ಆಗಿದೆ ಎನ್ನುವುದು ಒಂದೇ ದೂರು, ಕಾರಣ ಮಾತ್ರ ನಾಲ್ಕೈದು. ಗ್ಯಾಲರಿಯಲ್ಲಿ ಫೋಟೋ ತೆರೆದು ಪೂರ್ತಿ ಹಿಗ್ಗಿಸಿ ನೋಡಿ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗೋಡೆ, ಕುರ್ಚಿ ಸ್ಪಷ್ಟವಾಗಿದ್ದು ಓಡುವ ಮಗು ಮಾತ್ರ ಕಲಸಿದ್ದರೆ ಶಟರ್ ನಿಧಾನವಾಗಿತ್ತು, ಅಂದರೆ ಫೋನ್ ಬೆಳಕನ್ನು ಹೆಚ್ಚು ಹೊತ್ತು ಒಳಗೆ ಬಿಟ್ಟಿತ್ತು. ಹಿಂದಿನ ಗಿಡ ಸ್ಪಷ್ಟ, ಮುಂದಿನ ಮುಖ ಮಸುಕು ಎಂದರೆ ಫೋಕಸ್ ತಪ್ಪಿದೆ. ಎಲ್ಲವೂ ಸ್ವಲ್ಪ ಸ್ವಲ್ಪ ಹೊಗೆಯಾಗಿದ್ದರೆ ಲೆನ್ಸ್ ಕೊಳಕು. ಕೂದಲು, ಹುಲ್ಲು ಜಲವರ್ಣದಲ್ಲಿ ಬಳಿದಂತಿದ್ದರೆ ಬೆಳಕು ಸಾಲದೆ ಬಂದ ಕಾಳುಗಳನ್ನು ಫೋನ್ ಒರೆಸಿಹಾಕುವಾಗ ವಿವರವೂ ಹೋಗಿದೆ, ಇಲ್ಲವೇ ಡಿಜಿಟಲ್ ಝೂಮ್ ಅತಿಯಾಗಿದೆ. ಕಾರಣ ತಿಳಿಯದೆ ಎಡಿಟಿಂಗಿನಲ್ಲಿ ಶಾರ್ಪನೆಸ್ ಏರಿಸಿದರೆ ಇವುಗಳಲ್ಲಿ ಒಂದೂ ಸರಿಹೋಗದು.

ಫೋಟೋವನ್ನು ಮೇಲಕ್ಕೆ ಸರಿಸಿದರೆ ಅಥವಾ ವಿವರಗಳ ಗುಂಡಿ ಒತ್ತಿದರೆ ಶಟರ್ ವೇಗ ಮತ್ತು ಐಎಸ್‌ಒ (ಸಿಕ್ಕ ಬೆಳಕನ್ನು ಫೋನ್ ಎಷ್ಟು ಹಿಗ್ಗಿಸಿತು ಎಂಬ ಅಂಕೆ) ಕಾಣುತ್ತವೆ. ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಗಲ) ಬದಲಾಗುವುದಿಲ್ಲ, ಆದ್ದರಿಂದ ಫೋನ್ ಆಡಿಸುವುದು ಈ ಎರಡನ್ನೇ. ಬಿಸಿಲಿನಲ್ಲಿ ಐಎಸ್‌ಒ 50ರಿಂದ 100ರ ಹತ್ತಿರ ಇರುತ್ತದೆ. ಒಳಗೆ 800 ದಾಟಿತೆಂದರೆ ಕಾಳು ಶುರು. ಸುಮ್ಮನೆ ನಿಂತವರಿಗೆ ಸೆಕೆಂಡಿನ 1/60 ಭಾಗ ಸಾಕು, ನಡೆಯುವವರಿಗೆ 1/250, ಓಡುವ ಮಕ್ಕಳಿಗೂ ನೆಗೆಯುವ ನಾಯಿಗೂ 1/500ರಿಂದ 1/1000 ಬೇಕು. ಫೋನಿನೊಳಗಿನ ಓಐಎಸ್ (ಅಲುಗಾಟಕ್ಕೆ ಎದುರಾಗಿ ಲೆನ್ಸನ್ನು ಸರಿಸುವ ವ್ಯವಸ್ಥೆ) ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಮಗುವಿನ ಓಟವನ್ನಲ್ಲ.

ಹಾಗಾಗಿ ಓಡಾಡುವ ಮಕ್ಕಳನ್ನು ತೆಗೆಯುವುದು ಹಗಲಿನಲ್ಲಿ, ಬಯಲಿನಲ್ಲಿ ಅಥವಾ ಕಿಟಕಿಯ ಹತ್ತಿರ. ಬೆಳಕಿದ್ದರೆ ಆಟೋ ಮೋಡ್ ತಾನಾಗಿಯೇ ವೇಗದ ಶಟರ್ ಆರಿಸಿಕೊಳ್ಳುತ್ತದೆ. ಪ್ರೊ ಮೋಡಿನಲ್ಲಿ ವೇಗವನ್ನು ನೀವೇ ಹಾಕಬಹುದು, ಆದರೆ ಹಲವು ಫೋನ್‌ಗಳಲ್ಲಿ ಆಗ ಎಚ್‌ಡಿಆರ್ ಕೆಲಸ ಮಾಡುವುದಿಲ್ಲ. ಬರ್ಸ್ಟ್ ಬಳಸಿ: ಕೆಲವು ಫೋನ್‌ಗಳಲ್ಲಿ ಗುಂಡಿ ಒತ್ತಿ ಹಿಡಿದರೆ, ಕೆಲವದರಲ್ಲಿ ಬದಿಗೋ ಕೆಳಕ್ಕೋ ಎಳೆದು ಹಿಡಿದರೆ ಚಿತ್ರಗಳು ಸಾಲಾಗಿ ಬರುತ್ತವೆ. ಇಪ್ಪತ್ತರಲ್ಲಿ ಒಂದೆರಡು ಇಟ್ಟುಕೊಂಡು ಮಿಕ್ಕವನ್ನು ಅಲ್ಲೇ ಅಳಿಸಿ. ಉಯ್ಯಾಲೆಯಾದರೆ ತುದಿಗೆ ಹೋಗಿ ಹಿಂದಿರುಗುವ ಕ್ಷಣ ಒತ್ತಿ, ಆಗ ಚಲನೆ ಹೆಚ್ಚುಕಡಿಮೆ ನಿಂತೇ ಇರುತ್ತದೆ.

ಫೋನ್ ಹಿಡಿಯುವುದು ಎರಡೂ ಕೈಯಲ್ಲಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು. ಹತ್ತಿರ ಗೋಡೆ, ಕಂಬ ಇದ್ದರೆ ಒರಗಿ. ಪರದೆಯ ಗುಂಡಿಗೆ ಬೆರಳು ನಿಲುಕದಿದ್ದರೆ ವಾಲ್ಯೂಮ್ ಗುಂಡಿ ಒತ್ತಿದರೂ ಆಗುತ್ತದೆ. ಬೈಕಿನ ಹ್ಯಾಂಡಲ್ಲಿಗೆ ಫೋನನ್ನು ಬಿಗಿದುಕೊಂಡು ಓಡಾಡುವವರಿಗೆ ಒಂದು ಎಚ್ಚರಿಕೆ: ಶಕ್ತಿಶಾಲಿ ಬೈಕ್ ಎಂಜಿನ್ನಿನ ಕಂಪನಕ್ಕೆ ಹೆಚ್ಚು ಕಾಲ ಸಿಕ್ಕರೆ ಓಐಎಸ್ ಮತ್ತು ಆಟೋಫೋಕಸ್ ಹಾಳಾಗಬಹುದು ಎಂದು ಆ್ಯಪಲ್ 2021ರಲ್ಲೇ ಐಫೋನ್ ಬಳಕೆದಾರರಿಗೆ ಹೇಳಿದೆ.

ಎಲ್‌ಇಡಿ ಅಥವಾ ಟ್ಯೂಬ್‌ಲೈಟ್ ಕೆಳಗೆ ಅಡ್ಡಡ್ಡ ಕಪ್ಪು ಪಟ್ಟೆಗಳು ಬಂದರೆ ಅದು ಫೋನಿನ ರೋಗವಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇಂಥ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಹಾಕಿದರೆ ಪಟ್ಟೆ ಹೋಗುತ್ತದೆ. 60 ಹರ್ಟ್ಸ್ ಇರುವ ದೇಶಗಳಲ್ಲಿ 1/60 ಅಥವಾ 1/120.

ಮುಖ ಮತ್ತು ಗುಂಪು

ಒಬ್ಬರ ಮುಖವನ್ನು 1ಎಕ್ಸ್‌ನಲ್ಲಿ ಅರ್ಧ ಮೀಟರಿನಿಂದ ತೆಗೆದರೆ ಮೂಗು ದಪ್ಪ, ಕಿವಿ ಹಿಂದಕ್ಕೆ. ಇದು ಲೆನ್ಸಿನ ದೋಷವಲ್ಲ, ದೂರದ ಪರಿಣಾಮ. ಒಂದೂವರೆಯಿಂದ ಎರಡು ಮೀಟರ್ ಹಿಂದೆ ನಿಂತು 2ಎಕ್ಸ್ ಅಥವಾ 3ಎಕ್ಸ್ ಬಳಸಿ. ಫೋನ್ ಅವರ ಕಣ್ಣಿನ ಎತ್ತರದಲ್ಲಿರಲಿ. ಮಕ್ಕಳಾದರೆ ನೀವು ಮಂಡಿಯೂರಬೇಕು.

ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಮಸುಕಾಗಿಸುವುದು ಲೆಕ್ಕಾಚಾರದಿಂದ. ಅದು ಎಡವುವ ಜಾಗಗಳು ಹಾರಾಡುವ ಕೂದಲು, ಕನ್ನಡಕದ ಚೌಕಟ್ಟು, ಕಿವಿಯೋಲೆ, ಸೊಂಟದ ಮೇಲಿಟ್ಟ ಕೈಯ ಸಂದಿ. ವ್ಯಕ್ತಿಯನ್ನು ಹಿಂದಿನ ಗೋಡೆಯಿಂದ ಎರಡು ಮೀಟರಾದರೂ ಮುಂದೆ ತಂದರೆ ತಪ್ಪು ಕಡಿಮೆಯಾಗುತ್ತದೆ. ಮಸುಕಿನ ಪ್ರಮಾಣವನ್ನು ಆಮೇಲೂ ತಗ್ಗಿಸುವ ಆಯ್ಕೆ ಇದ್ದರೆ ಅರ್ಧಕ್ಕೆ ಇಳಿಸಿ ನೋಡಿ, ಸಹಜವಾಗಿ ಕಾಣುತ್ತದೆ.

ಗುಂಪಿನ ಫೋಟೋದಲ್ಲಿ ಅಲ್ಟ್ರಾವೈಡ್ ಬೇಡ, ಹಿಂದೆ ಸರಿಯಿರಿ. ಎರಡು ಸಾಲು ಮಾಡಿ, ತುದಿಯವರು ಒಳಕ್ಕೆ ತಿರುಗಲಿ. ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ, ಆದ್ದರಿಂದ ಕನಿಷ್ಠ ಐದಾರು ತೆಗೆಯಿರಿ. ಎಲ್ಲರೂ ಬರಬೇಕೆಂದರೆ ಫೋನನ್ನು ಎದೆಯ ಎತ್ತರದಲ್ಲಿ ಯಾವುದಕ್ಕಾದರೂ ಒರಗಿಸಿ, ಹಿಂದಿನ ಕ್ಯಾಮೆರಾ, 10 ಸೆಕೆಂಡ್ ಟೈಮರ್. ಸೆಲ್ಫಿ ಕ್ಯಾಮೆರಾ ಹಲವು ಫೋನ್‌ಗಳಲ್ಲಿ ಕೈಯಳತೆಯ ದೂರಕ್ಕೆ ಫೋಕಸ್ ಗಟ್ಟಿ ಮಾಡಿ ಕೂರಿಸಿದ್ದು, ಹಿಂದಿನ ಸಾಲಿನವರು ಅದರಲ್ಲಿ ಮಸುಕಾಗಬಹುದು.

ಕತ್ತಲಾದ ಮೇಲೆ

ನೈಟ್ ಮೋಡ್ ಪರದೆಯ ಮೇಲೆ ತೋರಿಸುವ 1, 2 ಅಥವಾ 3 ಸೆಕೆಂಡುಗಳ ಉದ್ದಕ್ಕೂ ಚಿತ್ರಗಳನ್ನು ಕೂಡಿಸುತ್ತಲೇ ಇರುತ್ತದೆ. ಸದ್ದು ಬಂದ ತಕ್ಷಣ ಕೈ ಇಳಿಸುವುದು ಇಲ್ಲಿ ಅತಿ ಸಾಮಾನ್ಯ ತಪ್ಪು. ಎಣಿಕೆ ಮುಗಿಯುವವರೆಗೆ ಹಿಡಿಯಿರಿ. ಫೋನನ್ನು ಗೋಡೆಯ ಮೇಲೋ ಟ್ರೈಪಾಡಿನ ಮೇಲೋ ಇಟ್ಟರೆ ಅದು ಸ್ಥಿರವಾಗಿದೆ ಎಂದು ತಿಳಿದು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಐಫೋನಿನಲ್ಲಿ ಇದು 30 ಸೆಕೆಂಡಿನವರೆಗೆ ಹೋಗುತ್ತದೆ. ಇಟ್ಟ ಫೋನನ್ನು ಬೆರಳಿನಿಂದ ಮುಟ್ಟಿದರೂ ಅಲುಗುತ್ತದೆ, 3 ಸೆಕೆಂಡಿನ ಟೈಮರ್ ಹಾಕಿ. ಜನರಿದ್ದರೆ ಅಲುಗದೆ ನಿಲ್ಲಲು ಹೇಳಿ. ಅವರು ಓಡಾಡುತ್ತಿದ್ದರೆ ನೈಟ್ ಮೋಡ್ ಆಫ್ ಮಾಡಿ ಬೀದಿದೀಪದ ಅಥವಾ ಅಂಗಡಿಯ ಬೆಳಕಿನ ಹತ್ತಿರ ಕರೆತನ್ನಿ.

ಕತ್ತಲು ಪೂರ್ತಿ ಇಳಿಯುವ ಮೊದಲು, ಸೂರ್ಯ ಮುಳುಗಿದ ಇಪ್ಪತ್ತು ಮೂವತ್ತು ನಿಮಿಷದ ಹೊತ್ತಿಗೆ, ಆಕಾಶದಲ್ಲಿ ನೀಲಿ ಉಳಿದು ದೀಪಗಳೂ ಹತ್ತಿರುತ್ತವೆ. ದೀಪಗಳ ದೃಶ್ಯಕ್ಕೆ ನಡುರಾತ್ರಿಗಿಂತ ಆ ಹೊತ್ತು ಒಳ್ಳೆಯದು.

ಚಂದ್ರನ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಆಕಾಶದಲ್ಲಿ ಅದು ಸುಮಾರು ಅರ್ಧ ಡಿಗ್ರಿ ಅಗಲ, 12 ಮೆಗಾಪಿಕ್ಸೆಲ್‌ನ 1ಎಕ್ಸ್ ಚಿತ್ರದಲ್ಲಿ ಹೆಚ್ಚೆಂದರೆ 30 ಪಿಕ್ಸೆಲ್. ಕಟ್ಟಡ, ಮರದ ಜೊತೆಗೆ ಪುಟ್ಟದಾಗಿ ಇರುವಂತೆ ತೆಗೆಯುವುದೇ ಚೆಂದ.

ಕಾಗದ ಪತ್ರಗಳು

ದಾಖಲೆಯ ಫೋಟೋದಲ್ಲಿ ಕಾಡುವುದು ಫೋನಿನದೇ ನೆರಳು ಮತ್ತು ಓರೆ ಅಂಚು. ಕಾಗದವನ್ನು ಕಿಟಕಿಯ ಬಳಿ, ಅದಕ್ಕಿಂತ ಗಾಢ ಬಣ್ಣದ ಮೇಜಿನ ಮೇಲೆ ಇಡಿ, ಬೆಳಕು ಬದಿಯಿಂದ ಬರಲಿ. ಹತ್ತಿರ ಬಗ್ಗುವ ಬದಲು ಅರ್ಧ ಮೀಟರ್ ಮೇಲಿನಿಂದ 2ಎಕ್ಸ್‌ನಲ್ಲಿ ತೆಗೆಯಿರಿ, ನೆರಳೂ ಬೀಳದು, ಅಂಚೂ ಬಾಗದು. ಫೋನ್ ಕಾಗದಕ್ಕೆ ಸಮಾನಾಂತರವಾಗಿದ್ದರೆ ಗ್ರಿಡ್ ಗೆರೆ ಅಂಚಿಗೆ ಸರಿಹೊಂದುತ್ತದೆ. ಲ್ಯಾಮಿನೇಟ್ ಮಾಡಿದ ಕಾರ್ಡು ಹೊಳೆಯುತ್ತಿದ್ದರೆ ಫ್ಲ್ಯಾಶ್ ಆಫ್ ಮಾಡಿ ಕಾರ್ಡನ್ನು ಸ್ವಲ್ಪ ತಿರುಗಿಸಿ. ಕಳಿಸುವುದು ಕಚೇರಿ ಕೆಲಸಕ್ಕಾದರೆ ಫೋಟೋ ಬದಲು ಫೋನಿನಲ್ಲೇ ಇರುವ ಸ್ಕ್ಯಾನ್ ಸೌಲಭ್ಯ ಬಳಸಿ, ಅದು ಪಿಡಿಎಫ್ ಮಾಡಿ ಅಂಚನ್ನೂ ನೇರ ಮಾಡುತ್ತದೆ.

ತಿದ್ದುವುದು, ಕಳಿಸುವುದು, ಉಳಿಸುವುದು

ಎಡಿಟಿಂಗಿಗೆ ಫೋನಿನ ಗ್ಯಾಲರಿಯೋ ಗೂಗಲ್‌ನ ಉಚಿತ ಸ್ನ್ಯಾಪ್‌ಸೀಡೋ ಸಾಕು. ಮೊದಲು ಸೊಟ್ಟ ಸರಿಪಡಿಸಿ, ಅಂಚಿನಲ್ಲಿ ಇಣುಕುವ ಬೇಡದ್ದನ್ನು ಕತ್ತರಿಸಿ. ಆಮೇಲೆ ಹೈಲೈಟ್ಸ್ (ಪ್ರಖರ ಭಾಗಗಳು) ಇಳಿಸಿ, ಶ್ಯಾಡೋಸ್ (ಕಪ್ಪು ಭಾಗಗಳು) ತುಸು ಏರಿಸಿ, ಬಳಿಕ ಬಣ್ಣದ ತಾಪ. ಸ್ಯಾಚುರೇಶನ್ (ಬಣ್ಣದ ಗಾಢತೆ), ಶಾರ್ಪನೆಸ್ ಎರಡನ್ನೂ ಮುಟ್ಟದಿದ್ದರೇ ಒಳ್ಳೆಯದು, ಫೋನ್ ಅವನ್ನು ಆಗಲೇ ಸಾಕಷ್ಟು ಏರಿಸಿರುತ್ತದೆ. ಸೇವ್ ಮಾಡುವಾಗ ಮೂಲ ಫೋಟೋ ಉಳಿಯುವಂತೆ ಪ್ರತಿಯಾಗಿ ಉಳಿಸಿ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ ಹೋಗುತ್ತದೆ. ಪ್ರಿಂಟ್ ಹಾಕಿಸುವವರಿಗೆ ಕಳಿಸುವಾಗ 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಬಳಸಿ, ಇನ್ನೂ ಒಳ್ಳೆಯದೆಂದರೆ ಡಾಕ್ಯುಮೆಂಟ್ ಆಗಿ ಲಗತ್ತಿಸಿ. ಡಾಕ್ಯುಮೆಂಟ್ ಆಗಿ ಹೋದ ಫೋಟೋದೊಳಗೆ ತೆಗೆದ ದಿನ, ಸಮಯ, ಲೊಕೇಶನ್ ಆನ್ ಇದ್ದರೆ ಜಾಗ ಎಲ್ಲವೂ ಹಾಗೇ ಹೋಗುತ್ತವೆ. ಮನೆಯಲ್ಲಿ ತೆಗೆದ ಫೋಟೋವನ್ನು ಪರಿಚಯವಿಲ್ಲದವರಿಗೆ ಕಳಿಸುವುದಿದ್ದರೆ ಮೊದಲು ಗ್ಯಾಲರಿಯಲ್ಲಿ ಲೊಕೇಶನ್ ತೆಗೆದುಹಾಕಿ. ಫೈಲ್ ತೆರೆಯುತ್ತಿಲ್ಲ ಎಂದು ಅತ್ತಲಿಂದ ದೂರು ಬಂದರೆ ಅದು ಬಹುಶಃ ಹೈಕ್ (HEIC) ಮಾದರಿಯಲ್ಲಿದೆ. ಜೆಪೆಗ್‌ಗಿಂತ ಸುಮಾರು ಅರ್ಧ ಜಾಗ ಸಾಕಾಗುವ ಮಾದರಿ ಅದು, ಹಳೆಯ ಕಂಪ್ಯೂಟರ್‌ಗಳಿಗೆ ಗೊತ್ತಿಲ್ಲ. ಜೆಪೆಗ್‌ಗೆ ಬದಲಿಸಿ ಕಳಿಸಿ.

ಉಳಿಸುವುದಕ್ಕೆ ಫೋನಿನ ಹೊರಗೆ ಎರಡು ಜಾಗ ಇರಲಿ: ಒಂದು ಕ್ಲೌಡ್, ಇನ್ನೊಂದು ಹಾರ್ಡ್ ಡಿಸ್ಕ್. ಸಿಂಕ್ ಆಗಿರುವ ಕ್ಲೌಡ್‌ನಲ್ಲಿ ಫೋನಿನಿಂದ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಅಳಿಸಿದ್ದು ಸಾಮಾನ್ಯವಾಗಿ 30ರಿಂದ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಸಿಗದು. ಡಿಸ್ಕಿಗೆ ನಕಲು ಮಾಡಿದ ಮೇಲೆ ಫೋನಿನಿಂದ ಅಳಿಸುವ ಮುನ್ನ ಅಲ್ಲಿನ ನಾಲ್ಕಾರು ಫೋಟೋ, ಒಂದು ವಿಡಿಯೋ ತೆರೆದು ನೋಡಿ. ನಕಲು ಅರ್ಧಕ್ಕೆ ನಿಂತಿದ್ದರೂ ಫೋಲ್ಡರಿನಲ್ಲಿ ಫೈಲಿನ ಹೆಸರು ಮಾತ್ರ ಕಾಣಬಹುದು.